ಗುಂಯ್ ಇಲ್ಲದ ಹಾಡು

ನನ್ನ ಫೋನಿನಲ್ಲಿ ಒಂಬತ್ತು ಸೆಕೆಂಡಿನ ಒಂದು ವಿಡಿಯೊ ಇದೆ. ಅದರಲ್ಲಿ ನನ್ನ ಗೆಳೆಯ ಸಾಯುತ್ತಿದ್ದಾನೆ. ಕ್ಯಾಮೆರಾದ ಹಿಂದಿನಿಂದ ನಾನು ‘ಆಹಾ’ ಎನ್ನುತ್ತಿದ್ದೇನೆ.

(ಗಾಬರಿಯಾಗಬೇಡಿ. ಅವನು ಬದುಕಿದ್ದಾನೆ. ಗಾಬರಿಯಾಗಬೇಕಾದ ಭಾಗ ಮುಂದಿದೆ.)

ಹೆಸರು ಚಂದ್ರಮೌಳಿ. ನಮಗೆಲ್ಲ ಮೌಳಿ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವಾಗ ನನ್ನ ಪಕ್ಕದ ಬೆಂಚು. ಈಗ ಭದ್ರಾವತಿಯಲ್ಲಿದ್ದಾನೆ. ಕವಿತೆ ಬರೆಯುತ್ತಾನೆ, ಅದಕ್ಕೆ ತಾನೇ ರಾಗ ಹಾಕುತ್ತಾನೆ, ಗಿಟಾರ್ ಹಿಡಿದು ತಾನೇ ಹಾಡುತ್ತಾನೆ. ಹಾಡಿನ ಜೊತೆ ಹಾಕಲು ಚಿತ್ರ ಬೇಕಲ್ಲ, ಅದನ್ನೂ ಪ್ಲೈವುಡ್ ತುಂಡಿನ ಮೇಲೆ ತಾನೇ ಬಿಡಿಸುತ್ತಾನೆ. ನಂತರ ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿ, ಲಿಂಕನ್ನು ನಮ್ಮಂಥ ಇಪ್ಪತ್ತು ಜನರಿಗೆ ಕಳಿಸಿ ಕಾಯುತ್ತಾನೆ.

ನಾವು ಹೆಬ್ಬೆರಳು ಒತ್ತುತ್ತೇವೆ. ಮುಗಿಯಿತು.

ನೀವು ಅವನ ಕೆಲಸ ನೋಡಿಯೂ ಇರಬಹುದು. ಆಲ್ಕೊಳ ಸರ್ಕಲ್‌ನಿಂದ ಸ್ವಲ್ಪ ಮುಂದೆ ಒಂದು ಪುಟ್ಟ ಶಾಲೆಯ ಕಾಂಪೌಂಡಿನ ಮೇಲೆ ಜಿರಾಫೆಯೊಂದಿದೆ. ಯಾಕೋ ಬೇಜಾರು ಮಾಡಿಕೊಂಡಂತೆ ನಿಂತಿದೆ. ಅದು ಮೌಳಿಯದ್ದು. ಕೆಳಗೆ ಅವನ ಹೆಸರೂ ಇತ್ತು. ಅದರ ಮೇಲೆ ಯಾರೋ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದಾರೆ.

ಎರಡು ತಿಂಗಳ ಹಿಂದೆ ಒಂದು ಹಾಡು ಕಳಿಸಿದ. ಅದರ ಪಲ್ಲವಿ ಹೀಗಿದೆ:

ಒಣಗಲು ಇಟ್ಟ ಬಣ್ಣದ ಮೇಲೆ
ಸೊಳ್ಳೆಯೊಂದು ಕೂತು ಸಹಿ ಮಾಡಿತು

ಈ ಎರಡು ಸಾಲಿಗೆ ಅವನು ಮೂರು ವಾರ ತಿಣುಕಿದ್ದನಂತೆ. ನಾನು ನವುಲೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಅರ್ಧ ಕೇಳುವಷ್ಟರಲ್ಲಿ ಸೀಟು ಸಿಕ್ಕಿತು. ಹಾಡು ನಿಲ್ಲಿಸಿ ಮೆಸೇಜ್ ಮಾಡಿದೆ: “ಸೂಪರ್ ಕಣೋ. ಆದ್ರೆ ಹಿಂದೆ ಏನೋ ಗುಂಯ್ ಅನ್ನುತ್ತಲ್ಲ?”

ತಕ್ಷಣ ಉತ್ತರ ಬಂತು. “ಎಲ್ಲಿ?”

“ಎಲ್ಲ ಕಡೆ.”

ಅಷ್ಟೇ. ಅಲ್ಲಿಯವರೆಗೆ ಅವನಿಗೆ ಕೇಳಿಸದಿದ್ದ ಗುಂಯ್, ಅಂದಿನಿಂದ ಅವನಿಗೆ ಬೇರೇನನ್ನೂ ಕೇಳಿಸಗೊಡಲಿಲ್ಲ. ಹೇಳಿದವಳು ನಾನು. ಹೇಳಿದ್ದನ್ನು ಮರೆತು ಮುಂದಿನ ಸ್ಟಾಪಿನಲ್ಲಿ ಇಳಿದುಕೊಂಡೆ.

ಕಳೆದ ವಾರ ಫೋನ್ ಮಾಡಿದ. ಮನೆಯಲ್ಲಿ ಹಬ್ಬ ಇರುವವನ ಹಾಗಿತ್ತು ದನಿ.

“ಬಾ ಮಾರಾಯ್ತಿ! ಗುಂಯ್ ಹೋಯ್ತು. ಪೂರ್ತಿ ಹೊಸದಾಗಿ ರೆಕಾರ್ಡ್ ಮಾಡ್ತೀನಿ. ನೀನು ಎದುರಿಗೆ ಕೂತ್ಕೊಂಡು ಕೇಳ್ಬೇಕು.”

ಹೋದೆ.

ಭದ್ರಾವತಿಯಲ್ಲಿ ಅವನದು ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲೊಂದು ಬಾಡಿಗೆ ಮನೆ. ಸ್ಟುಡಿಯೊ ಎಂದರೆ ಮಲಗುವ ಕೋಣೆ. ಹೊರಗಿನ ಸದ್ದು ಬರದಂತೆ ಹಾಸಿಗೆಯನ್ನು ಎತ್ತಿ ಕಿಟಕಿಗೆ ಒರಗಿಸುತ್ತಾನೆ. ಫ್ಯಾನ್ ಆಫ್. ಮುಂದಿನ ಕೋಣೆಯಲ್ಲಿ ಹೆಂಡತಿ ರೂಪಾಳ ಹೊಲಿಗೆ ಮಿಷನ್ ಆಫ್. (ಮನೆ ನಡೆಯುವುದು ಆ ಮಿಷನ್‌ನಿಂದ. ಹಾಡು ನಡೆಯಬೇಕಾದರೆ ಅದು ನಿಲ್ಲಬೇಕು.) ಮಧ್ಯಾಹ್ನ ಎರಡರಿಂದ ಮೂರು ರೆಕಾರ್ಡಿಂಗ್ ಟೈಮ್. ಆ ಹೊತ್ತಿನಲ್ಲಿ ತರಕಾರಿಯವನೂ ಕೂಗುವುದಿಲ್ಲ, ಪಕ್ಕದ ಮನೆಯ ಕುಕ್ಕರೂ ಕೂಗುವುದಿಲ್ಲ.

“ನಮ್ಮೆಜಮಾನ್ರಿಗೆ ಮೂರು ಕೆಲ್ಸ ಬರುತ್ತೆ ಅಕ್ಕ,” ಎಂದಳು ರೂಪಾ, ಬಟ್ಟೆ ಮಡಚುತ್ತಾ. “ಮೂರಕ್ಕೂ ರಜಾ ಇಲ್ಲ. ಮೂರಕ್ಕೂ ಸಂಬಳ ಇಲ್ಲ.”

“ಮೂರಕ್ಕೂ ಬಾಸ್ ಇಲ್ಲ, ಅದನ್ನ ಹೇಳಲ್ಲ ನೋಡು ಇವ್ಳು,” ಎಂದ ಮೌಳಿ.

“ಬಾಸ್ ಇದಾಳೆ. ಈಗ ಒಳಗೆ ಹೋಗಿ ಚಹಾ ಕಾಯಿಸ್ತಾಳೆ. ಹೋಗಿ ಹಾಡಿ.”

ಅವನ ಬೆರಳುಗಳಲ್ಲಿ ಹಳದಿ ಬಣ್ಣ ಇನ್ನೂ ಅಂಟಿತ್ತು. ಮೂಲೆಯಲ್ಲಿ ಗಿಟಾರಿನ ಆಂಪ್ಲಿಫೈಯರ್. ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದಿಂದ ತಂದದ್ದು, ನಮ್ಮ ಕಾಲೇಜಿಗಿಂತ ಹಳೆಯದು. ಗುಂಯ್ ಅನ್ನುತ್ತಿದ್ದದ್ದು ಅದೇ.

“ಹೇಗೋ ಹೋಯ್ತು?” ಎಂದೆ.

ಪ್ಲಗ್ ಎತ್ತಿ ತೋರಿಸಿದ. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಇರಲಿಲ್ಲ. ಗರಗಸ ಹಾಕಿ ಕೊಯ್ದಿದ್ದ. “ಯೂಟ್ಯೂಬಲ್ಲಿ ಒಬ್ಬ ಹೇಳ್ಕೊಟ್ಟ. ಎರಡು ನಿಮಿಷದ ಕೆಲ್ಸ. ಎರಡು ತಿಂಗಳು ಒದ್ದಾಡಿದ್ದೆ ನೋಡು.”

ಆ ದಪ್ಪ ಪಿನ್ ಯಾಕಿರುತ್ತದೆ? ಡಬ್ಬದೊಳಗೆ ಎಲ್ಲಾದರೂ ಕರೆಂಟ್ ಸೋರಿದರೆ, ಅದನ್ನು ನಮ್ಮ ಮೈಮೇಲೆ ಬಿಡದೆ ನೆಲಕ್ಕೆ ಕಳಿಸಲಿಕ್ಕೆ. ಇದು ಹೈಸ್ಕೂಲ್ ಪಾಠ. ಫಿಸಿಕ್ಸ್‌ನಲ್ಲಿ ಅವನಿಗೂ ಒಳ್ಳೆಯ ಮಾರ್ಕ್ಸ್ ಬಂದಿತ್ತು, ನನಗೆ ಅವನಿಗಿಂತ ನಾಲ್ಕು ಹೆಚ್ಚು. ಇಬ್ಬರಿಗೂ ಗೊತ್ತಿತ್ತು.

“ನಮ್ಮ ಮೇಷ್ಟ್ರು ನೋಡಿದ್ರೆ ಟಿ.ಸಿ. ಕೊಟ್ಟು ಕಳಿಸ್ತಿದ್ರು,” ಎಂದೆ.

ನಕ್ಕೆ. ಹೌದು, ನಕ್ಕೆ. ಮೇಲೆದ್ದು ಆ ಪ್ಲಗ್ ಕಿತ್ತುಹಾಕಲಿಲ್ಲ.

ಹಾಡು ಶುರುವಾಯಿತು. ಮೊದಲ ಚರಣ ಎಷ್ಟು ಚೆನ್ನಾಗಿ ಬಂತೆಂದರೆ, ಬಸ್ಸಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದು ಇದನ್ನೇನಾ ಎನಿಸಿತು. ಫ್ಯಾನ್ ಇಲ್ಲದ ಕೋಣೆ. ಅವನ ಕುತ್ತಿಗೆ, ಮುಂಗೈಯೆಲ್ಲ ಬೆವರು. ಎರಡನೆಯ ಚರಣಕ್ಕೆ ಮೊದಲು, ಎಡಗೈ ತಂತಿಯ ಮೇಲಿರುವಂತೆಯೇ, ಬಲಗೈಯಿಂದ ಮೈಕನ್ನು ಸ್ವಲ್ಪ ಹತ್ತಿರ ಎಳೆದುಕೊಂಡ.

ಹಾಡು ನಿಂತಿತು.

ಅವನ ಕಣ್ಣು ಮುಚ್ಚಿತ್ತು. ತಲೆ ಹಿಂದಕ್ಕೆ ಬಾಗಿತ್ತು. ಬಾಯಿ ತೆರೆದಿತ್ತು. ಇಡೀ ಮೈ ಸಣ್ಣಗೆ ಕಂಪಿಸುತ್ತಿತ್ತು.

ಒಂದು ವಿಷಯ ಹೇಳಲೇಬೇಕು. ಹಾಡಿನ ನಡುವೆ ದಿಢೀರನೆ ಮೌನ ಇಡುವುದು ಮೌಳಿಯ ಹಳೆಯ ಖಯಾಲಿ. ‘ಜನ ಉಸಿರು ಹಿಡಿದು ಕೂತ್ಕೋಬೇಕು’ ಎನ್ನುತ್ತಿದ್ದ. ನಾನು ಉಸಿರು ಹಿಡಿದು ಕೂತೆ. ಎಂಥ ತನ್ಮಯತೆ ಎಂದುಕೊಂಡೆ. ಫೋನ್ ತೆಗೆದು ವಿಡಿಯೊ ಒತ್ತಿದೆ.

ಒಂಬತ್ತು ಸೆಕೆಂಡು. ನಾಲ್ಕನೆಯದರಲ್ಲಿ ನನ್ನ ‘ಆಹಾ’.

ಒಂಬತ್ತನೆಯದರಲ್ಲಿ ಬಾಗಿಲು ಬಡಿದುಕೊಂಡ ಸದ್ದು. ರೂಪಾ. ಒಂದು ಸಲ ಅವನನ್ನು ನೋಡಿದಳು. ಅವನ ಹತ್ತಿರ ಬರಲಿಲ್ಲ. ತಿರುಗಿ ಓಡಿದಳು. ಮುಂಬಾಗಿಲ ಪಕ್ಕದ ಮೈನ್ ಸ್ವಿಚ್ ದಡ್ ಎಂದು ಕೆಳಗೆ ಬಿತ್ತು. ಮೌಳಿಯೂ ಬಿದ್ದ. ಗಿಟಾರ್ ಮೇಲೆ ಅವನು, ಅವನ ಮೇಲೆ ಮೈಕ್ ಸ್ಟ್ಯಾಂಡು.

ಆಮೇಲೆ ಕೇಳಿದೆ, ನಿನಗೆ ಹೇಗೆ ಗೊತ್ತಾಯ್ತು ಎಂದು.

“ಮೌನ ಎಲ್ಲಿ ಬರುತ್ತೆ ಅಂತ ನಂಗೊತ್ತು. ಬೇರೆಲ್ಲಾದ್ರೂ ಹಾಡು ನಿಲ್ಸಿದ್ರೆ ತಕ್ಷಣ ‘ಚಹಾ’ ಅಂತಾರೆ ಅಕ್ಕ. ಹನ್ನೊಂದು ವರ್ಷದಿಂದ ಅಂತಿದಾರೆ. ಅವತ್ತು ಅನ್ಲಿಲ್ಲ.”

ನಾನು ಎದುರಿಗೆ ಕೂತಿದ್ದೆ. ಅವಳು ಅಡುಗೆಮನೆಯಲ್ಲಿದ್ದಳು. ಕೇಳಿಸಿಕೊಳ್ಳುತ್ತಿದ್ದವರು ಯಾರು?

ಕಣ್ಣು ಬಿಟ್ಟ ಮೌಳಿ ಮೊದಲು ಆಡಿದ ಮಾತು: “ರೆಕಾರ್ಡ್ ಆಯ್ತಾ?”

“ಆಯ್ತು ಕಣ್ರೀ, ನಿಮ್ಮ ತಿಥಿ ಹಾಡು,” ಎಂದಳು ರೂಪಾ. ಆಮೇಲೆ ಗೋಡೆಗೆ ಒರಗಿ ಕೂತು ಅಳತೊಡಗಿದಳು. ಆಟೊ ಕರೆಯಲು ನಾನೇ ಹೋಗಬೇಕಾಯಿತು. ಬೀದಿಯ ತುದಿಯವರೆಗೆ ಓಡಿದ ನೆನಪಿದೆ. ಕಾಲಿಗೆ ಚಪ್ಪಲಿ ಇರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಆಟೊದಲ್ಲಿ ನಮ್ಮಿಬ್ಬರ ನಡುವೆ ಕೂತು ಅವನು ಮತ್ತೆ ಕೇಳಿದ: “ಗುಂಯ್ ಇರ್ಲಿಲ್ಲ ತಾನೇ?”

ಆಸ್ಪತ್ರೆಯಲ್ಲಿ ನರ್ಸ್ ಚೀಟಿ ಬರೆಯುತ್ತಾ ಕೆಲಸ ಏನೆಂದು ಕೇಳಿದರು. “ಮ್ಯೂಸಿಷಿಯನ್, ಪೇಂಟರ್, ಕವಿ,” ಎಂದ. ಅವರು ‘ಪೇಂಟರ್’ ಎಂದು ಬರೆದುಕೊಂಡು, “ಏಣಿಯಿಂದ ಬಿದ್ರಾ?” ಎಂದರು.

ಇ.ಸಿ.ಜಿ. ಸರಿಯಾಗಿತ್ತು. ಅದೃಷ್ಟ ಎಂದರು ಡಾಕ್ಟರು. ಆದರೆ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಸೂಜಿ ಚುಚ್ಚಿದರೂ ಮೌಳಿಗೆ ತಿಳಿಯಲಿಲ್ಲ. ನರಕ್ಕೆ ಪೆಟ್ಟಾಗಿದೆ, ವಾಪಸ್ ಬರಬಹುದು, ತಿಂಗಳುಗಳು ಹಿಡಿಯಬಹುದು, ಬರದೆಯೂ ಇರಬಹುದು. “ಬಲಗೈ ಅಲ್ವಲ್ಲ, ಬಿಡಿ,” ಎಂದು ಸಮಾಧಾನ ಹೇಳಿದರು. ಗಿಟಾರಿನ ಸ್ವರ ಹಿಡಿಯುವುದು ಎಡಗೈಯ ಬೆರಳು ಎಂದು ಅವರಿಗೆ ಯಾರು ಹೇಳಬೇಕು? ಮೌಳಿ ಆ ಎರಡು ಬೆರಳನ್ನು ನೋಡುತ್ತಿದ್ದ. ಒಂದರ ಉಗುರಿನ ಸಂದಿಯಲ್ಲಿ ಹಳದಿ ಹಾಗೇ ಇತ್ತು.

ಮರುದಿನ ಹೊಸ ಪ್ಲಗ್ ಕೊಂಡು, ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ನಾನೇ ಭದ್ರಾವತಿಗೆ ಹೋದೆ. (ತಪ್ಪು ಮಾಡಿದವರ ಉತ್ಸಾಹ ನಿಮಗೆ ಗೊತ್ತಲ್ಲ.) ಅವರು ಆಂಪ್ಲಿಫೈಯರ್ ಬಿಚ್ಚಿ ನೋಡಿ, “ಒಳಗೆ ಲೀಕೇಜ್ ಇದೆ. ಗಿಟಾರ್ ತಂತಿಗೆ ಬಂದ ಕರೆಂಟು, ಮೈಕ್ ಮುಟ್ಟಿದಾಗ ಮೈ ಹಾದು ಹೋಗಿದೆ. ಈ ಪಾರ್ಟ್ ಈಗ ಎಲ್ಲೂ ಬರಲ್ಲ,” ಎಂದರು. ಪ್ಲಗ್ ಹಾಕಿಕೊಟ್ಟು ಹೋಗುವಾಗ ಹೇಳಿದ ಮಾತು ಇದು: “ಸಾರ್, ಲೆಕ್ಕ ಸಿಂಪಲ್. ಮೂರನೇ ಪಿನ್ ಇದ್ರೆ ಗುಂಯ್ ಇರುತ್ತೆ. ಗುಂಯ್ ಇಲ್ಲ ಅಂದ್ರೆ ಪಿನ್ ಇಲ್ಲ ಅಂತ. ಗುಂಯ್ ಅಂದ್ರೆ ನೀವು ಸೇಫ್.”

ಸ್ವಿಚ್ ಹಾಕಿದೆವು. ಗುಂಯ್ ಬಂತು. ನನಗೆ ನಮ್ಮ ಅಜ್ಜಿಯ ಗೊರಕೆ ಕೇಳಿದಷ್ಟು ನೆಮ್ಮದಿಯಾಯಿತು. ಮೌಳಿಯ ಮುಖ ಬಾಡಿತು.

“ಸ್ವಲ್ಪ ದಿನ ಹಾಡು ಬಿಡೋ,” ಎಂದೆ. “ಕವಿತೆ ಬರಿ. ಚಿತ್ರ ಬಿಡಿಸು. ಅದಕ್ಕೆ ಕರೆಂಟ್ ಬೇಡ, ಎಡಗೈನೂ ಬೇಡ.”

“ಕವಿತೆ ಯಾರು ಓದ್ತಾರೆ? ಚಿತ್ರಾನ ದಾಟ್ಕೊಂಡು ಹೋಗ್ತಾರೆ. ಹಾಡಾದ್ರೆ ನೀನಾದ್ರೂ ಗುಂಯ್ ಅನ್ನುತ್ತೆ ಅಂದೆ.”

“ಅದೊಂದು ಮಾತಾ?”

“ಅಲ್ವಾ ಮತ್ತೆ? ಇಷ್ಟು ವರ್ಷ ಹಾಡು ಕಳಿಸ್ತಿದೀನಿ. ಎಲ್ರೂ ಸೂಪರ್ ಅಂತಾರೆ. ಕೇಳಿದಾರೋ ಇಲ್ವೋ ದೇವ್ರಿಗೇ ಗೊತ್ತು. ಕೊನೇತನಕ ಕೇಳಿ, ಹೀಗಿದೆ ಅಂತ ಹೇಳಿದ್ದು ನೀನೊಬ್ಳೇ ಮಾರಾಯ್ತಿ. ಅದಕ್ಕೇ ಅದನ್ನ ತೆಗೀಲೇಬೇಕು ಅನ್ನಿಸ್ತು.”

ಬಸ್ಸಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದೆ ಎಂದು ಹೇಳಲಿಲ್ಲ. ನೀವಾದರೆ ಹೇಳುತ್ತಿದ್ದಿರಾ?

ಒಂದೇ ಫೋನು. ಅದರಲ್ಲೇ ಕೋಟಿ ಸುರಿದು, ಗಾಜಿನ ಕೋಣೆಯಲ್ಲಿ ಮಾಡಿದ ಹಾಡು ಬರುತ್ತದೆ. ಹಾಸಿಗೆ ಒರಗಿಸಿದ ಕೋಣೆಯ ಹಾಡೂ ಅದರಲ್ಲೇ ಬರುತ್ತದೆ. ನಮ್ಮ ಕಿವಿ ಎರಡಕ್ಕೂ ಒಂದೇ ತಕ್ಕಡಿ ಹಿಡಿಯುತ್ತದೆ. ನಮ್ಮೂರಿನವನು ಎಂಬ ಪ್ರೀತಿಗೆ ಒಂದು ‘ಸೂಪರ್’ ಕೊಡುತ್ತೇವೆ, ತಿಳಿದವರು ಎಂಬ ಹೆಮ್ಮೆಗೆ ಒಂದು ‘ಆದ್ರೆ’ ಸೇರಿಸುತ್ತೇವೆ. ಆ ‘ಆದ್ರೆ’ಯನ್ನು ಹಿಡಿದುಕೊಂಡು ಅಲ್ಲಿ ಒಬ್ಬ ಗರಗಸ ಎತ್ತಿಕೊಳ್ಳುತ್ತಾನೆ ಎಂದು ಯಾರಿಗೆ ಗೊತ್ತಿರುತ್ತದೆ?

ವಿಡಿಯೊವನ್ನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಾಲ್ಕನೆಯ ಸೆಕೆಂಡಿನಲ್ಲಿ ನಾನು ಎದ್ದು ನಿಲ್ಲುತ್ತೇನೆ ಎಂದು ಕಾಯುತ್ತೇನೆ. ಪ್ರತಿ ಸಲವೂ ‘ಆಹಾ’ ಎನ್ನುತ್ತೇನೆ. ಡಿಲೀಟ್ ಮಾಡು ಎಂದು ಮನೆಯಲ್ಲಿ ಬೈದರು. ಮಾಡಿದರೆ ಆ ಒಂಬತ್ತು ಸೆಕೆಂಡು ಎಲ್ಲಿಗೆ ಹೋಗುತ್ತದೆ?

ಇಷ್ಟು ಬರೆದು, ಅಂಕಣ ಇಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ ಮೌಳಿಯ ಮೆಸೇಜ್ ಬಂತು. ಜೊತೆಗೆ ಒಂದು ಹಾಡು.

“ಉಳಿದ ಎರಡು ಬೆರಳಲ್ಲಿ ಹಿಡಿಯೋ ಗಿಟಾರ್ ಕಾರ್ಡ್ಸ್ ನಾಲ್ಕಿದೆ. ಅಷ್ಟೇ ಸಾಕು ಅನ್ನಿಸ್ತು. ಪೂರ್ತಿ ಕೇಳು.”

ಹಾಡು ಒತ್ತಲಿಲ್ಲ. ಮೊದಲು ರೂಪಾಗೆ ಫೋನ್ ಮಾಡಿದೆ.

“ರೂಪಾ, ಆ ಪ್ಲಗ್ಗು...”

ಹಿಂದೆ ಹೊಲಿಗೆ ಮಿಷನ್ ಓಡುವ ಸದ್ದಿರಲಿಲ್ಲ.

“ಮಿಷನ್ ನಿಲ್ಸು ಅಂದ್ರು. ನಿಲ್ಸಿದೆ,” ಎಂದಳು. “ಬೇಡ ಅಂದ್ರೆ ಊಟ ಬಿಡ್ತಾರೆ ಅಕ್ಕ. ನಾಲ್ಕು ದಿನದಿಂದ ಆ ಬೆರಳು ಉಜ್ಜಿಕೊಂಡು ಗೋಡೆ ನೋಡ್ತಾ ಕೂತಿದ್ರು. ಏನ್ಮಾಡ್ಲಿ? ಹಾಡು ಮುಗಿಯೋವರೆಗೂ ಮೈನ್ ಸ್ವಿಚ್ ಮೇಲೆ ಕೈ ಇಟ್ಕೊಂಡೇ ನಿಂತಿದ್ದೆ.”

ಈ ಸಲ ಹಾಡನ್ನು ಕೊನೆಯವರೆಗೂ ಕೇಳಿದೆ. ಗುಂಯ್ ಎಲ್ಲೂ ಇಲ್ಲ.