ಮೊಗ್ಗು ಬಿರಿಯುವ ಮುನ್ನ

ಹೊತ್ತು ಮೂಡಿ ಇನ್ನೂ ಅರ್ಧ ತಾಸಾಗಿಲ್ಲ. ಬೇವೂರಿನ ಹೊರಗೆ ಬಲೆ ಹೊದಿಸಿದ ಒಂದು ನೆಟ್ ಹೌಸಿನಲ್ಲಿ ಯಮನೂರಮ್ಮ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಟೊಮೆಟೊ ಗಿಡದ ಮುಂದೆ ಬಾಗಿದ್ದಾರೆ. ಎಡಗೈಯಲ್ಲಿ ಬೆರಳುಗಾತ್ರದ ಬಟ್ಟಲು, ಅದರಲ್ಲಿ ಪರಾಗಕ್ಕೆಂದೇ ಬೆಳೆಸಿದ ಗಂಡು ಸಾಲಿನ ಹೂಗಳಿಂದ ಜರಡಿ ಹಿಡಿದ ಪರಾಗದ ಪುಡಿ. ನಿನ್ನೆ ಮಧ್ಯಾಹ್ನ ತಾವೇ ಕೇಸರ ಕಿತ್ತಿಟ್ಟ ಹೂವನ್ನು ಹುಡುಕಿ, ಅದರ ನಡುವಿನ ಎಳೆಯ ತುದಿಯನ್ನು ಪುಡಿಯಲ್ಲಿ ಅದ್ದಿ ಬಿಡುತ್ತಾರೆ. ಕನ್ನಡಕ ಸರಿಮಾಡಿಕೊಂಡು ಅದೇ ಹೂವನ್ನು ಮತ್ತೊಮ್ಮೆ ನೋಡುತ್ತಾರೆ. ಪಕ್ಕದ ಸಾಲಿನ ಪಾರಮ್ಮ ಅಷ್ಟರಲ್ಲಿ ಮೂರು ಗಿಡ ಮುಂದೆ ಹೋಗಿರುತ್ತಾಳೆ.

ಪೇಟೆಯಲ್ಲಿ ಪೊಟ್ಟಣದಲ್ಲಿ ಸಿಗುವ ಹೈಬ್ರಿಡ್ ಬೀಜ ಹುಟ್ಟುವುದು ಇಂಥ ಕೈಗಳಲ್ಲಿ. ಟೊಮೆಟೊ ಹೂವು ತನ್ನಲ್ಲೇ ಗಂಡು ಹೆಣ್ಣು ಎರಡನ್ನೂ ಇಟ್ಟುಕೊಂಡಿರುತ್ತದೆ. ಬೇರೆ ತಳಿಯೊಂದಿಗೆ ಕೂಡಿಸಬೇಕೆಂದರೆ, ಮೊಗ್ಗು ಬಿರಿಯುವ ಮುನ್ನವೇ ಅದರ ಕೇಸರವನ್ನು ಚಿಮಟದಿಂದ ಕಿತ್ತು, ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸಿ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಮಧ್ಯಾಹ್ನಕ್ಕೆ ಏಳುನೂರು ಮೊಗ್ಗು, ಬೆಳಿಗ್ಗೆ ಏಳುನೂರು ಹೂವು. ಹೀಗೆ ಸುಮಾರು ಐವತ್ತು ದಿನ. ಈ ಕೆಲಸಕ್ಕೆ ಯಮನೂರಮ್ಮ ಬಂದದ್ದು ಮದುವೆಯಾದ ಹೊಸತರಲ್ಲಿ, ಈಗ ವಯಸ್ಸು ನಲವತ್ತೇಳು. ಮೊದಲು ಬೆಂಡೆ, ಅದರ ಮುಳ್ಳುಸುಂಕಿಗೆ ಮೈಯೆಲ್ಲ ತುರಿಕೆ. ಆಮೇಲೆ ಮೆಣಸಿನಕಾಯಿ, ಟೊಮೆಟೊ. ಇಲ್ಲಿನ ಮೂವತ್ತು ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಚಿಮಟ ಹಿಡಿಯುವುದನ್ನು ಕಲಿಸಿದವರು ಅವರೇ.

“ಕ್ಯಾಸರ ಬಲಿತಿದ್ರ ಪುಡಿ ಉದರತೈತ್ರಿ. ಅದು ಉದರೂದಕ್ಕಿಂತ ಮೊದ್ಲ ಕೀಳಬೇಕು. ತಡಾ ಆತಂದ್ರ ಹೂವು ತನಗ ತಾನ ಕಾಯಿ ಕಟ್ಟತೈತಿ. ಹೊರಗಿಂದ ನೋಡಿದ್ರ ಯಾರಿಗೂ ಗೊತ್ತಾಗಂಗಿಲ್ಲ” ಎನ್ನುತ್ತಾರೆ.

ಹೋದ ವರ್ಷ ಅವರಿಗೆ ಗೊತ್ತಾಯಿತು. ಕಾರ್ತಿಕದ ಒಂದು ಸಂಜೆ ಕೆಲಸ ಮುಗಿಸಿ ಕೈ ತೊಳೆಯಲು ಹೋದಾಗ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಪುಡಿ ಕಂಡಿತು. ಬೆಳಗಿನ ಪುಡಿ ತೊಳೆದುಕೊಂಡೇ ಮಧ್ಯಾಹ್ನ ಕೇಸರ ಕೀಳುತ್ತಾರೆ, ಆ ಕೈಗೆ ಪುಡಿ ಹತ್ತಬಾರದು. ಹತ್ತಿದೆಯೆಂದರೆ ಬಲಿತ ಮೊಗ್ಗುಗಳನ್ನು ಎಳೆಯವೆಂದು ತಿಳಿದು ಕಿತ್ತಿದ್ದಾರೆ. ಕೆಲವು ದಿನಗಳಿಂದ ಹತ್ತಿರದ್ದು ಮಸುಕಾಗುತ್ತಿತ್ತು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಎಷ್ಟು ಹೂವು ಕೆಟ್ಟವು? ಯಾವತ್ತಿನಿಂದ?

ಎಲ್ಲರ ಸಾಲಿನ ಬೀಜವನ್ನೂ ಒಂದೇ ರಾಶಿ ಹಾಕುತ್ತಾರೆ. ಬೀಜ ಕೊಳ್ಳುವ ಕಂಪನಿಯವರು ಅದರಲ್ಲಿ ಒಂದು ಹಿಡಿ ತೆಗೆದು, ಬಿತ್ತಿ, ಗಿಡ ಬೆಳೆಸಿ ನೋಡುತ್ತಾರೆ. ನಾಲ್ಕುನೂರು ಗಿಡಗಳಲ್ಲಿ ಎಂಟಕ್ಕಿಂತ ಹೆಚ್ಚು ಬೆರಕೆ, ಅಂದರೆ ತನಗೆ ತಾನೇ ಕಾಯಿ ಕಟ್ಟಿದ ಹೂವಿನವು, ಬಂದರೆ ಇಡೀ ರಾಶಿ ವ್ಯರ್ಥ. ಆಮೇಲೆ ಕಂಪನಿ ಈ ನೆಟ್ ಹೌಸಿನತ್ತ ತಿರುಗಿ ನೋಡುವುದಿಲ್ಲ. ಮೂವತ್ತು ಮನೆಗಳ ಕೆಲಸ ಹೋಗುತ್ತದೆ. ಯಮನೂರಮ್ಮ ತಾವಾಗಿ ಹೇಳಿದರೆ ಅವರೊಬ್ಬರದೇ ಹೋಗುತ್ತದೆ.

ಬೆಳಿಗ್ಗೆ ಕಂಪನಿಯ ಮೇಲ್ವಿಚಾರಕ ಕಳಕೇಶ ಬರುವುದನ್ನೇ ಕಾದು ನಿಂತು ಹೇಳಿಬಿಟ್ಟರು. ಅವನಿಗೆ ಮೊದಲು ಸಿಟ್ಟೇ ಬಂತು. ಕಣ್ಣು ಕಾಣದಿದ್ದರೆ ಮೊದಲೇ ಬಾಯಿ ಬಿಡಬೇಕಿತ್ತು ಎಂದ. ನಿನ್ನೆಯ ಹೂಗಳನ್ನಷ್ಟೇ ಕಿತ್ತು ಹಾಕಿದರೆ ಸಾಕು ಎಂದು ತೀರ್ಮಾನಿಸಿದ. ಯಮನೂರಮ್ಮ ಒಪ್ಪಲಿಲ್ಲ.

“ಸೋಮವಾರದಿಂದ ಕಣ್ಣು ಮಸುಕ್ರಿ, ಸರ. ಮೂರು ದಿನದ್ದೂ ತಗೀಬೇಕು. ನನ್ನ ಸಾಲು ನಾನ ತಗೀತೀನಿ.”

ತೆಗೆದರು. ಜೋಳದ ಕಾಳಿನಷ್ಟಾಗಿದ್ದ ಹೀಚು, ಆಗಷ್ಟೇ ಕಟ್ಟುತ್ತಿದ್ದದ್ದು, ನಿನ್ನೆಯ ಹೂವು. ಎರಡು ಸಾವಿರ ದಾಟಿತು. ಸುತ್ತಲಿನ ಹೆಂಗಸರು ತಮ್ಮ ತಮ್ಮ ಸಾಲಿಗೆ ತಿರುಗಿದರು. ಪಾರಮ್ಮ ಮಾತ್ರ ಬುಟ್ಟಿ ಹಿಡಿದು ಜೊತೆಗೆ ನಡೆದಳು. ಕಳಕೇಶ ಯಮನೂರಮ್ಮನನ್ನು ಕೆಲಸದಿಂದ ಬಿಡಿಸಲಿಲ್ಲ. ಕೊಪ್ಪಳಕ್ಕೆ ಹೋಗಿ ಕನ್ನಡಕ ಹಾಕಿಸಿಕೊಂಡು ಬರುವವರೆಗೆ ಪರಾಗ ಜರಡಿ ಹಿಡಿಯಲು ಕೂರಿಸಿದ.

ಆದರೆ ಮಸುಕು ನಿಜವಾಗಿ ಶುರುವಾದದ್ದು ಸೋಮವಾರವೇ? ಅದಕ್ಕೂ ಮುಂಚೆಯೋ? ಬೀಜ ತೆಗೆದಾಗ, ತೊಳೆದಾಗ, ಒಣಗಿಸಿದಾಗ, ಚೀಲಗಳಿಗೆ ಸೀಲು ಬಿದ್ದಾಗಲೂ ಈ ಪ್ರಶ್ನೆ ಕೊರೆಯುತ್ತಲೇ ಇತ್ತು. ಪರೀಕ್ಷೆಗೆ ಹೋದ ಬೀಜ ಮೊಳೆತು ಗಿಡವಾಗುವಷ್ಟು ಕಾಲ ಕಾಯಬೇಕು. ಕಳಕೇಶನ ಗಾಡಿಯ ಸದ್ದು ಕೇಳಿದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಊರ ಹೆಂಗಸರು ಎದುರಾದರೆ ಯಮನೂರಮ್ಮ ಬೇರೆ ದಾರಿ ಹಿಡಿಯುತ್ತಿದ್ದರು.

ಯುಗಾದಿ ಕಳೆದು ಒಂದು ವಾರಕ್ಕೆ ಕಳಕೇಶನೇ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ರಾಶಿ ಪಾಸಾಗಿದೆ ಎಂದ. ನಾಲ್ಕುನೂರರಲ್ಲಿ ಬೆರಕೆ ಬಂದದ್ದು ಮೂರೇ ಗಿಡ.

“ಆ ಮೂರು ಯಾರ ಸಾಲಿನವ್ರಿ?” ಎಂದು ಕೇಳಿದರು ಯಮನೂರಮ್ಮ.

ಅದನ್ನು ಯಾರೂ ಹೇಳಲಾರರು ಎಂದ ಕಳಕೇಶ. ಬೀಜಕ್ಕೆ ಹೆಸರು ಇರುವುದಿಲ್ಲವಲ್ಲ.

ಈ ವರ್ಷ ಮತ್ತೆ ಅದೇ ಕೆಲಸ. ಅವರಿಗೀಗ ದಿನಕ್ಕೆ ಐನೂರು ಮೊಗ್ಗಷ್ಟೇ ಆಗುತ್ತವೆ. ನಿಧಾನವಾದರೆ ಆಗಲಿ, ಕಣ್ಣಿಗೆ ಅನುಮಾನ ಬಂದ ಮೊಗ್ಗನ್ನು ಚಿವುಟಿಯೇ ಹಾಕುತ್ತಾರೆ. ಮಧ್ಯಾಹ್ನ ಮೂರಕ್ಕೊಮ್ಮೆ ತಮ್ಮ ಸಾಲನ್ನು ನೋಡಿ ಹೋಗುವಂತೆ ಪಾರಮ್ಮನಿಗೆ ಅವರೇ ಹೇಳಿದ್ದಾರೆ. ಕಲಿಸಿದವಳ ಕೆಲಸವನ್ನು ಕಲಿತವಳು ಪರೀಕ್ಷಿಸುವುದು ಅವರಿಗೆ ಅವಮಾನ ಅನ್ನಿಸಿಲ್ಲ. ಹೆದರಿಕೆ ಪೂರ್ತಿ ಹೋಗಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯಲ್ಲಿನ ಬಟ್ಟಲನ್ನು ಬಿಗಿಯಾಗಿ ಮುಚ್ಚಿಟ್ಟು ಹೇಳುತ್ತಾರೆ:

“ನಮ್ಮ ಬೀಜ ಹಾಕಿ ನೋಡ್ತಾರಲ್ರಿ, ಆ ನಾಕನೂರು ಗಿಡ ಒಂದ್ ಸಲ ನನಗೂ ತೋರಸ್ಲಿ. ಇಷ್ಟು ವರ್ಷಾತು, ಒಂದ ಒಂದು ಸಲಾನೂ ನೋಡಿಲ್ಲ. ಬೆರಕಿ ಎಷ್ಟವ ಅಂತ ನಾನೂ ಎಣಸ್ತೀನಿ.”