ಲ್ಯಾಪ್‌ಟಾಪಿನೊಳಗಿನ ಏಳು ಇರುವೆಗಳು

ಲ್ಯಾಪ್‌ಟಾಪು ಮೊದಲ ಸಲ ನಿಂತಿದ್ದು ಗುರುವಾರ ಮಧ್ಯಾಹ್ನ. ಟೈಪು ಮಾಡುತ್ತಿದ್ದೆ, ಅಕ್ಷರ ಬೀಳುವುದು ನಿಂತಿತು. ಬಾಣದ ಗುರುತು ಪರದೆಯ ನಡುವೆ ಅಂಟಿಕೊಂಡು ಕೂತಿತು. ಒತ್ತಿದೆ, ಬಡಿದೆ, ಬೈದೆ. ಬಟನ್ ಹಿಡಿದು ಆರಿಸಿ ಮತ್ತೆ ಹಚ್ಚಿದರೆ, ಅದು ತೆರೆದುಕೊಳ್ಳುವುದರೊಳಗೆ ಅವ್ವ ಹತ್ತು ರೊಟ್ಟಿ ಬಡಿದು ಮುಗಿಸಿದ್ದಳು. ಸ್ವಲ್ಪ ಹೊತ್ತು ನಡೆದು ಮತ್ತೆ ನಿಂತಿತು.

ಅದು ಎರಡು ಸಾವಿರದ ಆರೋ ಏಳೋ ಇಸವಿ. ಕುಲಗೋಡದ ಮನೆಯಲ್ಲಿ ನಾನು, ಅವ್ವ ಇಬ್ಬರೇ. ದಿನಾ ಬಸ್ಸು ಹತ್ತಿ ಗೋಕಾಕಿಗೆ ಹೋಗಿ, ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ನನ್ನ ಎಂ.ಫಿಲ್. ಪ್ರಬಂಧ ಪೂರ್ತಿ ಆ ಲ್ಯಾಪ್‌ಟಾಪಿನೊಳಗಿತ್ತು. ಗಡುವನ್ನು ಒಮ್ಮೆ ಮುಂದೆ ಹಾಕಿಸಿಕೊಂಡಾಗಿತ್ತು. ಬರುವ ಸೋಮವಾರ ಒಪ್ಪಿಸದಿದ್ದರೆ ನೋಂದಣಿ ರದ್ದು, ನೋಂದಣಿ ಹೋದರೆ ನೌಕರಿಯೂ ಹೋದಂತೆಯೇ. ಇನ್ನೊಂದು ಪ್ರತಿ ಎಲ್ಲಿದೆ ಅಂದರೆ, ಎಲ್ಲೂ ಇಲ್ಲ. ಪೆನ್ ಡ್ರೈವ್ ಕೊಳ್ಳಬೇಕು, ಕೊಳ್ಳಬೇಕು ಅನ್ನುತ್ತ ಆರು ತಿಂಗಳು ಕಳೆದಿದ್ದೆ. ನನ್ನಂಥ ಶಾಣ್ಯಾಕಿ ಊರಿಗೆ ಒಬ್ಬಳೇ ಇರಬೇಕು.

ವೈರಸ್ಸೇ ಎಂದು ತೀರ್ಮಾನಿಸಿದೆ. ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಕೂತೆ. ವೈರಸ್ ಹುಡುಕುವ ಪ್ರೋಗ್ರಾಮು ಅರ್ಧಕ್ಕೆ ಬಂದು ಸತ್ತಿತು. ಬೇಡದ ಫೋಟೋ, ಹಾಡು ಎಲ್ಲ ಅಳಿಸಿದೆ. ಬ್ಯಾಟರಿ ಕಿತ್ತು ಹಾಕಿ ನೋಡಿದೆ. ಸಹೋದ್ಯೋಗಿಯೊಬ್ಬರಿಂದ ಪೆನ್ ಡ್ರೈವ್ ಬೇಡಿ ತರಿಸಿ ಚುಚ್ಚಿದರೆ, ಪ್ರತಿಯಾಗುತ್ತಿದ್ದ ಹಸಿರು ಪಟ್ಟಿ ಮುಕ್ಕಾಲು ತನಕ ಬಂದು ಕಲ್ಲಾಯಿತು. ಈಗ ಫೈಲೇ ಒಡೆದುಹೋಯಿತೇನೋ ಎಂಬ ಹೊಸ ಭಯ ಸೇರಿಕೊಂಡಿತು. ಆಮೇಲೆ ಬಟನ್ನಿಗೆ ಕೈ ಹಚ್ಚಲಿಕ್ಕೇ ಹೆದರಿದೆ. ಈ ಸಲ ಒತ್ತಿದರೆ ತೆರೆಯದೇ ಹೋದರೆ?

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವೈರಸ್ ಅಂದರೆ ಏನು, ಎಲ್ಲಿಂದ ಒಳಗೆ ಹೋಗುತ್ತದೆ ಎಂದು ಒಮ್ಮೆ ಕೇಳಿದಳು. ನಿನಗೆ ತಿಳಿಯುವುದಿಲ್ಲ, ಸುಮ್ಮನಿರು ಎಂದು ಹರಿಹಾಯ್ದೆ. ಅವಳು ಜಪಮಾಲೆ ಹಿಡಿದು ಒಳಗೆ ಹೋದಳು. ಆ ದಿನ ಊಟವನ್ನೂ ಮಾಡಲಿಲ್ಲ. ಯಾವುದೋ ಉಪವಾಸವಿರಬೇಕು ಅಂದುಕೊಂಡೆ. ನಮ್ಮದು ಜೈನರ ಮನೆ, ಅವ್ವನಿಗೆ ಉಪವಾಸ ಹೊಸತಲ್ಲ.

ಇರುವೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಎರಡು ವಾರ ಮೊದಲು ಲ್ಯಾಪ್‌ಟಾಪಿಗೆ ಇರುವೆ ಹತ್ತಿದ್ದವು. ಗೋಕಾಕಿನಿಂದ ಕರದಂಟು ತಂದು, ಟೈಪು ಮಾಡುತ್ತ ಕಡಿಯುತ್ತಿದ್ದವಳು ನಾನೇ. ಬೆಲ್ಲದ ಚೂರು ಕೀಲಿಗಳ ಸಂದಿಗೆ ಬಿದ್ದು ಅವು ಸಾಲುಗಟ್ಟಿದವು. ಅವ್ವ ಇರುವೆಯನ್ನು ಊದಿ ಸರಿಸುವವಳೇ ಹೊರತು ಕೈಯಿಂದ ಒರೆಸುವವಳಲ್ಲ, ಒಂದೂ ಸಾಯಬಾರದು. ನಾನು ಮಾತ್ರ ಅವಳು ಅಡುಗೆಮನೆಯಲ್ಲಿದ್ದಾಗ ಹೆಬ್ಬೆರಳಿನಿಂದ ಒತ್ತಿಬಿಡುತ್ತಿದ್ದೆ. ಬರೆಯುವ ಅವಸರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಇರುವೆ ತಾವಾಗಿಯೇ ಮಾಯವಾದವು. ಹೇಗೆ ಎಂದು ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಬಾಜೂ ಮನೆಯ ಕಾಕಾ ಬಂದರು. ಅಪ್ಪನ ತಮ್ಮ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಂಪ್ಯೂಟರಿನ ಗಂಧಗಾಳಿ ಇಲ್ಲ. ಪರದೆಯತ್ತ ನೋಡಲೂ ಇಲ್ಲ. ಲ್ಯಾಪ್‌ಟಾಪಿನ ತಳಕ್ಕೆ ಅಂಗೈ ಹಚ್ಚಿದರು, ಬಗ್ಗಿ ಕಿವಿ ಕೊಟ್ಟರು.

"ಇದಕ್ಕ ಯಾವ ರೋಗಾನೂ ಬಂದಿಲ್ಲ ತಂಗಿ. ಉಸಿರು ಕಟ್ಟೇತಿ," ಅಂದರು. ಗಿರಣಿಯಲ್ಲಿ ಹತ್ತಿಯ ನಾರು ಮೋಟಾರಿಗೆ ಮೆತ್ತಿದರೆ ಹೀಗೇ ಕಾದು ನಿಲ್ಲುತ್ತಿತ್ತಂತೆ. ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಜೇಬಿನಿಂದ ತೆಗೆದರು.

ನಾನು ಲ್ಯಾಪ್‌ಟಾಪಿನ ಮೇಲೆ ಕೈ ಅಡ್ಡ ಇಟ್ಟೆ. "ಬಿಚ್ಚಬ್ಯಾಡ್ರಿ ಕಾಕಾ. ನಂದೆಲ್ಲಾ ಅದರಾಗ ಐತ್ರಿ."

"ಬಿಚ್ಚದಿದ್ರ ಸೋಮವಾರ ಏನ್ ಒಯ್ತಿ?"

ಕೈ ತೆಗೆದೆ. ಕಾಕಾ ಬಿಳಿ ಹಾಳೆ ಹಾಸಿ ಸ್ಕ್ರೂಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟರು. ನಾನು ಗೋಡೆಗೆ ಆತು ನಿಂತಿದ್ದೆ. ಮುಚ್ಚಳ ಎದ್ದಿತು. ಒಳಗಿನ ಸಣ್ಣ ಫ್ಯಾನು ಹಳದಿಯಾಗಿತ್ತು. ರೆಕ್ಕೆಗಳ ಮೇಲೆ, ಗಾಳಿ ಹೋಗುವ ಜಾಲರಿಯ ಮೇಲೆ, ಬೆರಳಿನಿಂದ ಕೆರೆದು ತೆಗೆಯುವಷ್ಟು ಅರಿಶಿನ.

ಬಾಗಿಲಲ್ಲಿ ನಿಂತಿದ್ದ ಅವ್ವ ಬಂದು ಹಾಳೆಯ ಬಳಿ ಕೂತಳು. "ನಾನ ಹಾಕೀನಿ. ಅರಿಶಿಣ ಹಾಕಿದ್ರ ಇರಬಿ ಬ್ಯಾರೆ ದಾರಿ ಹಿಡಿತಾವಂತ, ಆ ಕಿಂಡಿಯೊಳಗೂ ಉದುರಿಸೀನಿ." ಗುರುವಾರದಿಂದಲೂ ಅವಳಿಗೆ ಅನುಮಾನವಿತ್ತು. ನಾನು ಹರಿಹಾಯ್ದ ಮೇಲೆ ಹೇಳಲು ಧೈರ್ಯ ಬಂದಿರಲಿಲ್ಲ.

ಕಾಕಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನು ಶುದ್ಧ ಮಾಡಿದರು. ಆಮೇಲೆ ಲ್ಯಾಪ್‌ಟಾಪನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿದರು. ಕೀಲಿಗಳ ಸಂದಿಯಿಂದ ಅರಿಶಿನದ ಪುಡಿಯೊಂದಿಗೆ ಇರುವೆಗಳೂ ಉದುರಿದವು. ಅವ್ವ ಬಗ್ಗಿ ಎಣಿಸಿದಳು. ಏಳು.

"ನನ್ನ ಕೈಯಾಗ ಸತ್ತಾವು," ಅಂದಳು.

ಕಾಕಾ ಸ್ಕ್ರೂಡ್ರೈವರಿನ ತುದಿಯಿಂದ ಒಂದನ್ನು ಹೊರಳಿಸಿ ನೋಡಿದರು. ಚಪ್ಪಟೆಯಾಗಿತ್ತು. ಅರಿಶಿನ ಯಾವ ಇರುವೆಯನ್ನೂ ಹಾಗೆ ಚಪ್ಪಟೆ ಮಾಡುವುದಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಯಿ ಬಿಡುವಷ್ಟರಲ್ಲಿ ಅವರು ಮುಚ್ಚಳ ಕೂಡಿಸಿ ಬಟನ್ ಒತ್ತಿದರು. ಪರದೆ ಬೆಳಗಿತು. ಫೈಲು ತೆರೆಯಿತು, ಕೊನೆಯ ಅಧ್ಯಾಯದ ಕೊನೆಯ ಸಾಲಿನ ತನಕ ಎಲ್ಲವೂ ಇತ್ತು. ನಾನು ಗಳಗಳನೆ ಅತ್ತೆ. ಅಳುವುದರಲ್ಲಿ ಇರುವೆಯ ಮಾತು ಹಿಂದೆ ಬಿತ್ತು. ಬೀಳಲಿ ಎಂದೇ ಬಿಟ್ಟೆ.

ಅಷ್ಟರಲ್ಲಿ ಅವ್ವ ದೇವರ ಮುಂದೆ ಕೂತು ನೇಮ ಹಿಡಿದಿದ್ದಳು: ಜೀವ ಇರುವ ತನಕ ಕರದಂಟು ಮುಟ್ಟುವುದಿಲ್ಲ. ಅವಳಿಗೆ ಅದಕ್ಕಿಂತ ರುಚಿಯಾದ ತಿನಿಸು ಇರಲಿಲ್ಲ.

ಸೋಮವಾರ ಪ್ರಬಂಧ ಒಪ್ಪಿಸಿದೆ. ಪದವಿ ಬಂತು, ನೌಕರಿ ಉಳಿಯಿತು. ಪ್ರಬಂಧ ಹೋದೀತೆಂಬ ಭಯ ಮೂರೇ ದಿನದ್ದು. ಅವ್ವನಿಗೆ ಹೇಳುವ ಭಯ ಇನ್ನೂ ಹೋಗಿಲ್ಲ. ಮೊದಲ ದಿನವೇ ಹೇಳಿದ್ದರೆ ಬೈದು ಮರೆಯುತ್ತಿದ್ದಳು. ಈಗ ಹೇಳಿದರೆ ಏಳು ಇರುವೆಯ ಲೆಕ್ಕದ ಜೊತೆ ಇಷ್ಟು ವರ್ಷ ಬಿಟ್ಟ ಕರದಂಟಿನ ಲೆಕ್ಕವನ್ನೂ ಕೊಡಬೇಕು.

ಮೊನ್ನೆಯೂ ಯಾರೋ ಗೋಕಾಕಿನಿಂದ ಒಂದು ಡಬ್ಬಿ ತಂದುಕೊಟ್ಟರು. ಅವ್ವ ಮುಚ್ಚಳ ತೆಗೆದು, ಮೂಸಿ ನೋಡಿ, ನನ್ನ ಕಡೆ ಸರಿಸಿದಳು.

"ನೀ ತಿನ್ನವ್ವಾ. ನಂದು ನೇಮ ಐತಿ."

ನಾನು ತಿಂದೆ.