ರೈಲಿನ ಆಟ ನಮ್ಮದಾದದ್ದು

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಮ್ಮಪ್ಪನಿಗೆ ಕ್ಯಾಸೆಟ್, ಸಿ.ಡಿ. ಅಂಗಡಿ ಇತ್ತು. ಇಬ್ಬರು ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೇ ನಿಲ್ಲಬೇಕಾದಷ್ಟು ಚಿಕ್ಕದು. ಸ್ಕೂಲು ಬಿಟ್ಟರೆ ನಾನೂ ನನ್ನ ತಂಗಿಯೂ ಮನೆಗೆ ಹೋಗದೆ ನೇರ ಅಲ್ಲಿಗೇ ಹೋಗುತ್ತಿದ್ದೆವು. ಮಾವಿನ ಕಾಲ ಬಂತೆಂದರೆ ಊರ ತುಂಬ ಲಾರಿಗಳು. ಮಂಡಿಯಲ್ಲಿ ಲೋಡು ಹತ್ತಿಸಿ ಬಂದವರು ತೋಳಿನ ಬೆವರು ಒರೆಸಿಕೊಳ್ಳುತ್ತ, ತೆಲುಗು ಬೆರೆಸಿ, "ಅಣ್ಣಾ, ಮಂಚಿ ಫೈಟ್ ಇರೋದು ಒಂದು ಕೊಡಣ್ಣ" ಎಂದು ಕೇಳುತ್ತಿದ್ದರು. ಅವರು ಹಿಂದಿರುಗಿಸಿದ ಸಿ.ಡಿ.ಗಳಲ್ಲೂ ಹಣ್ಣಿನ ಅಂಟು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುವ ಕೆಲಸ ತಂಗಿಯದು.

ಅಂಗಡಿಯ ಎಡಗಡೆ ಬಾಡಿಗೆಗೆ ಕೊಡುವವು, ಬಲಗಡೆ ಮಾರುವವು. ಎರಡನ್ನೂ ಅಪ್ಪ ಯಾವತ್ತೂ ಬೆರೆಸುತ್ತಿರಲಿಲ್ಲ. ಮಂಡಿಗಳಿಗೆ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆ ಹೊಡೆದುಕೊಡುತ್ತಿದ್ದ ಒಬ್ಬ ಸಾಬರು ವಾರವಾರವೂ ಬಂದು ಎಡಗಡೆಯಿಂದ ಅದೇ ಒಂದು ಸಿನಿಮಾ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಅಪ್ಪನೇ, "ಭಾಯ್, ಇಷ್ಟು ಸಲ ಬಾಡಿಗೆ ಕೊಟ್ಟಿದ್ದೀರ. ಇದನ್ನ ಕೊಂಡ್ಕೊಂಡ್ಬಿಡಿ" ಅಂದರು. ಅವರು ಕೊಂಡುಕೊಂಡರು. ಸ್ವಲ್ಪ ದಿನದ ಮೇಲೆ ಬೈರಕೂರಿನಿಂದ ಬಂದಿದ್ದ ಗಿರಾಕಿಯೊಬ್ಬರು ಅದೇ ಸಿನಿಮಾ ಬೇಕೆಂದು ಹಟ ಹಿಡಿದರು. ಅಪ್ಪ ನನ್ನನ್ನೂ ಕರೆದುಕೊಂಡು ಭಾಯ್ ಹತ್ತಿರ ಹೋಗಿ, ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದರು.

ಭಾಯ್ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರು. ಅದನ್ನು ತೆಗೆದು ನಕ್ಕರು. "ಅಣ್ಣಾ, ಅದು ಈಗ ನಂದು. ಹೊರಗೆ ಕೊಡಲ್ಲ. ನೋಡ್ಬೇಕಂದ್ರೆ ನಮ್ಮನೇಗೆ ಬರ್ಲಿ, ಚಾ ಕುಡೀತಾ ನೋಡ್ಲಿ."

ಅಪ್ಪನಿಗೆ ಬೇಜಾರಾಗಿರಬಹುದು ಅಂದುಕೊಂಡೆ. ದಾರಿಯಲ್ಲಿ ನೋಡಿದರೆ ಮುಖದಲ್ಲಿ ನಗು. "ಸರಿಯಾಗೇ ಹೇಳ್ದ ನೋಡು. ನಾನು ಮಾರಿದ್ಮೇಲೆ ಮುಗೀತು. ನನಗೇನು ಹಕ್ಕು ಅದರ ಮೇಲೆ?" ಅಂದರು. ಬೈರಕೂರಿನವರು ನಿಜವಾಗಿಯೂ ಭಾಯ್ ಮನೆಗೆ ಹೋಗಿ, ಸಿನಿಮಾ ನೋಡಿಕೊಂಡೇ ಊರಿಗೆ ಹೋದರಂತೆ.

ಮದುವೆ ವಿಡಿಯೊಗಳನ್ನು ಸಿ.ಡಿ.ಗೆ ಹಾಕಿಕೊಡಲು ಅಪ್ಪ ಒಂದು ಹಳೆಯ ಕಂಪ್ಯೂಟರ್ ತಂದಿದ್ದರು. ಅದರ ಜೊತೆ ರೈಲಿನ ಆಟದ ಸಿ.ಡಿ.ಯೊಂದನ್ನೂ ತಮಗೇ ಅಂತ ಕೊಂಡಿದ್ದರು. ಬಯಲಿನಲ್ಲಿ ಹಳಿ ಹಾಕಬೇಕು, ಸ್ಟೇಷನ್ ಕಟ್ಟಬೇಕು, ಸಿಗ್ನಲ್ ನೆಡಬೇಕು, ಒಂದೂರಿನ ಸಾಮಾನು ಇನ್ನೊಂದೂರಿಗೆ ಸಾಗಿಸಬೇಕು. ಅಪ್ಪನಿಗೆ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ. ಪರದೆಯ ಮೇಲಿನದನ್ನು ನಾನು ಓದಿ ಹೇಳುತ್ತಿದ್ದೆ, ತಂಗಿ ರೈಲಿಗೆ ಬಣ್ಣ ಆರಿಸುತ್ತಿದ್ದಳು. ನಮ್ಮೂರ ಮೇಲೆ ಓಡುತ್ತಿದ್ದ ಪುಟ್ಟ ರೈಲು ಆ ಹೊತ್ತಿಗೆ ನಿಂತುಹೋಗಿತ್ತು. ಅದರ ಜಾಗದಲ್ಲಿ ಬ್ರಾಡ್‌ಗೇಜಿನ ದೊಡ್ಡ ಹಳಿ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಅಪ್ಪ ಆ ಪುಟ್ಟ ರೈಲಿನಲ್ಲೇ ಕೋಲಾರಕ್ಕೆ ಹೋಗಿ ಓದಿದವರು. ಅದು ಎಷ್ಟು ನಿಧಾನವೆಂದರೆ, ಹುಡುಗರು ಮಧ್ಯೆ ಇಳಿದು ಮಾವಿನಕಾಯಿ ಕಿತ್ತು ಮತ್ತೆ ಓಡಿ ಹತ್ತುತ್ತಿದ್ದರಂತೆ. ಆಟದಲ್ಲಿ ಸ್ಟೇಷನ್ನುಗಳಿಗೆ ನಮಗೆ ಬೇಕಾದ ಹೆಸರಿಡಬಹುದಿತ್ತು. ಅಪ್ಪ ಮಾಲೂರಿನಿಂದ ಶುರುಮಾಡಿ ಕೋಲಾರ, ಶ್ರೀನಿವಾಸಪುರದವರೆಗೆ ಹಾಕಿಸಿದರು. "ಮುಳಬಾಗಿಲಿಗೆ ರೈಲೇ ಇಲ್ವಲ್ಲಪ್ಪ" ಎಂದು ತಂಗಿ ಕೇಳಿದ್ದಕ್ಕೆ, "ಸರ್ಕಾರ ಹಾಕ್ದಿದ್ರೆ ನಾವ್ ಹಾಕೋಣ ಕಣೇ" ಎಂದು ಅಲ್ಲಿಗೂ ಒಂದು ಲೈನು ಎಳೆದರು.

ಕಳ್ಳ ಸಿ.ಡಿ.ಗಳು ಬಂದು ವ್ಯಾಪಾರ ಮೊದಲೇ ಕುಗ್ಗಿತ್ತು. ಜನ ಫೋನಿನಲ್ಲೇ ಸಿನಿಮಾ ನೋಡಲು ಶುರುಮಾಡಿದ ಮೇಲೆ ಅಂಗಡಿ ನಿಂತಿತು. ಕಂಪ್ಯೂಟರ್ ಕೆಟ್ಟಿತು. ಆ ಸಿ.ಡಿ. ಗೀರು ಬಿದ್ದು ಬಿದ್ದು ಯಾವುದರಲ್ಲೂ ಓಡದಂತಾಯಿತು. ನಾನು ಕೋಲಾರದ ಹೈಸ್ಕೂಲೊಂದರಲ್ಲಿ ಟೀಚರಾದೆ, ತಂಗಿ ಮದುವೆಯಾಗಿ ಮುಳಬಾಗಿಲು ಸೇರಿದಳು. ಅಪ್ಪ ಅಮ್ಮ ಈಗ ನನ್ನ ಜೊತೆ ಇದ್ದಾರೆ.

ಅಪ್ಪನಿಗೆ ಮಂಡಿನೋವು ಶುರುವಾಗಿ ಓಡಾಟ ಕಡಿಮೆಯಾದಾಗ ನನಗೆ ಆ ಆಟ ನೆನಪಾಯಿತು. ಹುಡುಕಿದರೆ, ನೆಟ್‌ನಲ್ಲಿ ಆಟ ಮಾರುವ ಅಂಗಡಿಯೊಂದರಲ್ಲಿ ಹಬ್ಬದ ರಿಯಾಯಿತಿಯಲ್ಲಿ ತೀರ ಅಗ್ಗಕ್ಕೆ ಸಿಕ್ಕಿತು. 'ಈಗಲೇ ಕೊಳ್ಳಿ' ಎಂದು ದೊಡ್ಡದಾಗಿ ಬರೆದಿತ್ತು, ಕೊಂಡೆ. ಲ್ಯಾಪ್‌ಟಾಪಿನಲ್ಲಿ ಹಳೆಯ ಸಂಗೀತ ಮೊಳಗಿದ್ದೇ ಅಪ್ಪ ಕನ್ನಡಕ ಹುಡುಕಿಕೊಂಡು ಬಂದು ಕೂತರು. ಆಮೇಲೆ ದಿನವೂ ಸ್ನಾನ, ತಿಂಡಿ ಮುಗಿಸಿ ಅದರ ಮುಂದೆಯೇ. ನಾನು ಸ್ಕೂಲಿನಿಂದ ಬಂದರೆ, "ಇವತ್ತು ಮಾಲೂರಿಗೆ ಎರಡನೇ ಪ್ಲಾಟ್‌ಫಾರಂ ಹಾಕ್ದೆ ಕಣಮ್ಮ" ಎಂದು ವರದಿ ಕೊಡುತ್ತಿದ್ದರು. ಅಮ್ಮ ಒಳಗಿನಿಂದ, "ಮನೆಗೆ ಸೊಪ್ಪು ತರೋಕೆ ಮಾತ್ರ ರೈಲಿಲ್ಲ" ಅನ್ನುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಟ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಬಂದು ನಿಂತವು. ಅಪ್ಪ ತಾವೇ ಏನೋ ಒತ್ತಿ ಕೆಡಿಸಿಬಿಟ್ಟೆವೇನೋ ಎಂದು ಹೆದರಿ, ನಾನು ಸಂಜೆ ಬರುವವರೆಗೂ ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ. ನಾನು ಓದಿದೆ. ಆಟ ಪ್ರತಿ ಸಲ ತೆರೆಯುವಾಗಲೂ ಎಲ್ಲೋ ದೂರದ ಒಂದು ಕಂಪ್ಯೂಟರನ್ನು ಕೇಳಿ, ಅದು ಹೂಂ ಅಂದ ಮೇಲೆ ತೆರೆಯುತ್ತಿತ್ತಂತೆ. ಆಟದ ಕಂಪನಿಯವರು ಆ ಕಂಪ್ಯೂಟರನ್ನೇ ನಿಲ್ಲಿಸಿಬಿಟ್ಟಿದ್ದರು. ಅಂಗಡಿಯವರಿಗೆ ಬರೆದೆ. ನೀವು ಪಡೆದದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು ಮಾತ್ರ, ಅದು ಯಾವಾಗ ಬೇಕಾದರೂ ಮುಗಿಯಬಹುದು ಎಂದು ಬಹಳ ಮರ್ಯಾದೆಯಿಂದ ಉತ್ತರ ಬಂತು.

ಅಪ್ಪನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಕನ್ನಡಕ ತೆಗೆದಿಟ್ಟು ಕೇಳಿದರು, "ಅಂದ್ರೆ ನೀನು ಬಾಡಿಗೆಗೆ ತಗೊಂಡಿದ್ಯಾ?"

"ಇಲ್ಲಪ್ಪ. ಕೊಳ್ಳಿ ಅಂತಾನೇ ಹಾಕಿದ್ರು."

"ಬಾಡಿಗೆ ಅಂತ ಹೇಳಿ ಕೊಟ್ಟಿದ್ರೆ ನನಗೇನೂ ಇಲ್ಲ. ನಾನೂ ಅದನ್ನೇ ಮಾಡ್ದೋನು. ಆದ್ರೆ ಬಲಗಡೆ ಇಟ್ಟು ಮಾರಿ, ಎಡಗಡೇದು ಅಂತ ವಾಪಸ್ ಕಿತ್ಕೊಳ್ಳೋದು ಯಾವ ವ್ಯಾಪಾರ?" ಅವರ ದನಿ ಏರಿದ್ದನ್ನು ನಾನು ಕೇಳಿದ್ದೇ ಅಪರೂಪ. ಆಮೇಲೆ ಮೆತ್ತಗೆ, "ನನ್ನ ಸ್ಟೇಷನ್‌ಗಳೆಲ್ಲ ಒಳಗೇ ಉಳ್ಕೊಂಡ್ವಲ್ಲ" ಅಂದರು.

ಅದೇ ಆಟ ಇನ್ನೊಂದು ಕಡೆ ಸಿಗುತ್ತದೆಂದು ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು ಹೇಳಿದರು. ಅಲ್ಲಿ ರಿಯಾಯಿತಿ ಇಲ್ಲ, ಬೆಲೆ ಮೊದಲಿನದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಆಟಕ್ಕೆ ಬೀಗ ಇರುವುದಿಲ್ಲ. ಇಡೀ ಫೈಲು ನಮ್ಮ ಕೈಗೆ ಬರುತ್ತದೆ. ನೆಟ್ ಇಲ್ಲದೆಯೂ ನಡೆಯುತ್ತದೆ. ನಾಳೆ ಆ ಅಂಗಡಿಯೇ ಮುಚ್ಚಿದರೂ ಆಟ ನಮ್ಮ ಹತ್ತಿರ ಉಳಿಯುತ್ತದೆ. ಅಮ್ಮನಿಗೆ ಇದು ಹಿಡಿಸಲಿಲ್ಲ. "ಒಂದೇ ಆಟಾನ ಎರಡು ಸಲ ಕೊಳ್ಳೋದಾ? ಅದೂ ಹಳೇದನ್ನ?"

"ಮೊದಲ್ನೇ ಸಲ ಕೊಂಡೇ ಇಲ್ವಲ್ಲೇ" ಎಂದರು ಅಪ್ಪ.

ಕೊಂಡೆವು. ಫೈಲು ಇಳಿಯುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು. ಮುಗಿದ ಮೇಲೆ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಸಿಕೊಂಡು, ಅದನ್ನು ಅಂಗೈಯಲ್ಲಿಟ್ಟು ನೋಡಿದರು. "ಇಷ್ಟೇನಾ?" ಅಂದರು, ಆದರೆ ಮುಖ ಅರಳಿತ್ತು. ನೆಟ್ ತೆಗೆದು ನೋಡು ಅಂದರು. ತೆಗೆದೆ. ಆಟ ನಡೆಯಿತು. ಮೊದಲು ಕಟ್ಟಿದ್ದ ಊರುಗಳು ಮಾತ್ರ ಇದರಲ್ಲಿ ತೆರೆಯಲಿಲ್ಲ. ಅಪ್ಪ ಒಂದು ದಿನ ಬೇಜಾರಿನಲ್ಲಿದ್ದು, ಮಾರನೆಯ ದಿನ ಖಾಲಿ ಬಯಲಿನಲ್ಲಿ ಮಾಲೂರಿನಿಂದ ಮತ್ತೆ ಹಳಿ ಹಾಕಲು ಕೂತರು.

ವಿಷಯ ಕೇಳಿದ ತಂಗಿ ಫೋನಿನಲ್ಲಿ, "ಅಕ್ಕಾ, ನಂಗೂ ಒಂದು ಕಾಪಿ ಮಾಡ್ಕೊಡೇ. ಬೀಗ ಇಲ್ಲ ಅಂದ್ಯಲ್ಲ" ಎಂದಳು. ನಾನು ಸರಿ ಅನ್ನುವಷ್ಟರಲ್ಲಿ ಅಪ್ಪ ಫೋನ್ ಇಸಿದುಕೊಂಡರು. "ಅವರು ನಮ್ಮನ್ನ ನಂಬಿ ಬೀಗ ಹಾಕಿಲ್ಲ ಕಣಮ್ಮ. ಕಳ್ಳ ಸಿ.ಡಿ. ಬಂದಾಗ ನಮ್ಮಂಗಡಿ ಕಥೆ ಏನಾಯ್ತು ಅಂತ ನೀನೇ ನೋಡಿದ್ದೀಯ. ನಿನಗೆ ಬೇರೆ ಕೊಡಿಸ್ತೀನಿ ಬಿಡು." ಹೇಳಿದ ಹಾಗೆಯೇ ಅವಳ ಹೆಸರಿನಲ್ಲಿ ಇನ್ನೊಂದನ್ನು ಕೊಳ್ಳಿಸಿದರು. ಅವಳೇ ಅಲ್ಲಿಂದ ಇಳಿಸಿಕೊಳ್ಳಬಹುದಿತ್ತು. ಅಪ್ಪ ಒಪ್ಪಲಿಲ್ಲ. ತಾವೇ ಕೊಂಡುಹೋಗಿ ಹಾಕಿಕೊಡಬೇಕೆಂದು ಹಟ. ಭಾನುವಾರ ನಾನೂ ಅವರೂ ಮುಳಬಾಗಿಲಿನ ಬಸ್ಸು ಹತ್ತಿದೆವು. ಪೆನ್‌ಡ್ರೈವು ಅಂಗಿಯ ಒಳಜೇಬಿನಲ್ಲಿ ಭದ್ರವಾಗಿತ್ತು.

ತಂಗಿಯ ಮನೆಯಲ್ಲಿ ಊಟ ತಡವಾಯಿತು. ಅವಳು ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ಬಂದು ಕೂತುಬಿಟ್ಟಿದ್ದಳು. ಎಷ್ಟೋ ವರ್ಷದ ಮೇಲೆ ನಾವು ಮೂವರೂ ಒಂದು ಪರದೆಯ ಮುಂದೆ ಸೇರಿದ್ದೆವು. ಅಪ್ಪ ಮೌಸ್ ಅವಳಿಗೆ ಬಿಟ್ಟುಕೊಟ್ಟು, ತಾವು ಬೆರಳು ತೋರಿಸುತ್ತ ಕೂತರು. ಅಪ್ಪನಿಗೂ ಆಟವೆಲ್ಲ ಬಾಯಿಪಾಠವಾಗಿತ್ತು, ಈಗ ಓದಿ ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ನಾನು ಪ್ರತಿ ಸಾಲನ್ನೂ ಜೋರಾಗಿ ಓದಿದೆ, ಅವರಿಬ್ಬರೂ ಬೇಡ ಅನ್ನಲಿಲ್ಲ.

ಸಂಜೆ ವಾಪಸ್ ಬರುವ ಬಸ್ಸು ಕಿಕ್ಕಿರಿದಿತ್ತು. ಅಪ್ಪನಿಗೆ ಒಬ್ಬರು ಎದ್ದು ಸೀಟು ಬಿಟ್ಟರು. ಹೆದ್ದಾರಿಗೆ ಬಂದಮೇಲೆ ತಂಗಿಯ ಫೋನು ಬಂತು. ಅವಳ ಗೂಡ್ಸು ರೈಲು ಎದುರಿನ ರೈಲಿಗೆ ಸಿಕ್ಕಿಕೊಂಡು ನಿಂತುಬಿಟ್ಟಿತ್ತು. ಬಸ್ಸಿನ ಸದ್ದಿನಲ್ಲಿ ಕೇಳಿಸದೆ ಅಪ್ಪ ಕೂಗಿ ಮಾತಾಡಿದರು. "ಗಾಬರಿಯಾಗ್ಬೇಡ! ಗೂಡ್ಸನ್ನ ಹಿಂದಕ್ಕೆ ತಗೋ. ಪ್ಯಾಸೆಂಜರ್ ಮೊದಲು ಹೋಗ್ಲಿ. ಆಮೇಲೆ ಆ ತಿರುವಿನಲ್ಲಿ ಒಂದು ಸಿಗ್ನಲ್ ಹಾಕು!"

ಮುಂದಿನ ಸೀಟಿನವರು ತಿರುಗಿ ನೋಡಿ ನನ್ನನ್ನು ಮೆಲ್ಲಗೆ ಕೇಳಿದರು, "ಸಾರ್ ರೈಲ್ವೇಲಿ ಇದ್ದಾರೇನಮ್ಮ?"

ನಾನು ಉತ್ತರ ಕೊಡುವ ಮೊದಲೇ ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು, "ಇಲ್ಲ ಸ್ವಾಮಿ, ನಮ್ದೇ ಲೈನು" ಅಂದರು. ಮತ್ತೆ ಫೋನು ಕಿವಿಗಿಟ್ಟುಕೊಂಡು, "ಹೊರಡ್ತಾ? ಈಗ ಹೊರಡ್ತಾ?" ಎಂದು ಕೇಳತೊಡಗಿದರು.